ಚಳಿಗಾಲಕ್ಕೆ ಬೇರೆ ಚಕ್ರ

ಕಾರು ಇರುವ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅದು ಎರಡೇ ಬಾಗಿಲಿನ, ನೆಲಕ್ಕೆ ತಗ್ಗಿ ಕೂತ, ಗೇರಿನ ಕಾರಾದರೆ ಸ್ವಲ್ಪ ಹೆಚ್ಚೇ ನಡೆಯುತ್ತದೆ. ನೋಡುವವರಿಗೆ ನಗು, ಓಡಿಸುವವನಿಗೆ ಪ್ರಾಣಸಂಕಟ. ಈಗ ಮೂರು ವರ್ಷ ಕಳೆದಿರುವುದರಿಂದ ನಾನೂ ನಗುವವರ ಕಡೆ ಸೇರಿಕೊಂಡಿದ್ದೇನೆ.

೧. ನೆಲ ಡೊಂಕು

ಆ ಕಾರು ಕೊಂಡದ್ದು ಅಟ್ಲಾಂಟಾ ಹತ್ತಿರದ ಡುಲುತ್‌ನಲ್ಲಿದ್ದಾಗ. ನನಗಾಗ ಮೂವತ್ತನಾಲ್ಕು. ಅಲ್ಲಿಯವರೆಗೆ ಆಟೊಮ್ಯಾಟಿಕ್ ಬಿಟ್ಟು ಬೇರೆ ಕಾರು ಮುಟ್ಟಿದವನಲ್ಲ. ಕ್ಲಚ್ ಒತ್ತಿ ಗೇರ್ ಹಾಕುವುದನ್ನು ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಎರಡು ಭಾನುವಾರ ಕಲಿತೆ. ಆ ಲಾಟು ಹಪ್ಪಳದ ಮಣೆಯಷ್ಟು ಸಪಾಟಾಗಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಮಂಗಳೂರಿನವಳು. ಅಪ್ಪನ ಹಳೇ ಕಾರನ್ನು ಆ ಊರಿನ ಏರಿಳಿತದಲ್ಲಿ ಹತ್ತು ವರ್ಷ ಓಡಿಸಿದವಳು. ನಾನು ಕಾರು ತಂದು ನಿಲ್ಲಿಸಿದಾಗ, "ಗೇರು ಎಳೆದೂ ಎಳೆದೂ ಸಾಕಾಗಿ ಇಲ್ಲಿಗೆ ಬಂದದ್ದು ಮಾರಾಯ್ರೆ. ನೀವು ಅದನ್ನೇ ಹುಡುಕಿ ತಂದಿರಲ್ಲ" ಎಂದಳು. ಅದರ ಡ್ರೈವರ್ ಸೀಟಿನಲ್ಲಿ ಅವಳು ಒಮ್ಮೆಯೂ ಕೂರಲಿಲ್ಲ. ಕೂತರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು.

ಮುಂದೆ ನನ್ನ ಕೆಲಸ ಬದಲಾಗಿ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ಗೆ ಬಂದೆವು. ನಮ್ಮ ಟೌನ್‌ಹೌಸ್ ಇರುವುದು ಒಂದು ಏರಿನ ಬುಡದಲ್ಲಿ. ಏರು ಹತ್ತಿದರೆ ದೊಡ್ಡ ರಸ್ತೆ. ಬೇರೆ ದಾರಿಯಿಲ್ಲ. ಮನೆ ನೋಡಿ ಒಪ್ಪಿದ್ದು ಮೇ ತಿಂಗಳಲ್ಲಿ. ಮೇ ತಿಂಗಳಲ್ಲಿ ಅಂಥ ಏರು ಯಾರ ಕಣ್ಣಿಗೂ ಬೀಳುವುದಿಲ್ಲ.

ಜನವರಿಯಲ್ಲಿ ಎರಡು ಇಂಚು ಹಿಮ ಬಿತ್ತು. ನನ್ನ ಕಾರು ಅರ್ಧ ಏರು ಹತ್ತಿ, ಅಲ್ಲೇ ಸೊಂಟ ಬಳುಕಿಸಿ, ಹಿಂದಕ್ಕೆ ಜಾರಿ ಟಪಾಲು ಡಬ್ಬಿಗಳ ಸಾಲಿನ ಮುಂದೆ ಅಡ್ಡಡ್ಡ ನಿಂತಿತು. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಅದೇ ಜಾಗಕ್ಕೆ ಬಂತು. ಅಷ್ಟರಲ್ಲಿ ನನ್ನ ಹೆಂಡತಿ ತನ್ನ ನಾಲ್ಕು ಬಾಗಿಲಿನ ಸಾಧಾರಣ ಕಾರಿನಲ್ಲಿ ಏರು ಹತ್ತಿ ಹೋಗಿ ಹಾಲು ತಂದಳು.

"ಇದನ್ನು ಮಾರಿ ಎಲ್ಲರ ಹಾಗೆ ಒಂದು ಮಿನಿವ್ಯಾನ್ ತಕೊಳ್ಳುವ" ಎಂದಳು.

"ತಪ್ಪು ಕಾರಿನದ್ದಲ್ಲ. ಇದು ಬೇಸಿಗೆ ಟೈರು, ಚಳಿಗೆ ಕಲ್ಲಾಗುತ್ತೆ. ಚಳಿಗಾಲದ ಟೈರು ಹಾಕಿದ್ರೆ ನೋಡು" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಕಡೆಗೆ ಒಂದು ಕರಾರಾಯಿತು. ಮುಂದಿನ ಚಳಿಗಾಲ ಮುಗಿಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಹಿಮದ ಮೇಲೆ ಆ ಕಾರು ಏರು ಹತ್ತಬೇಕು. ಹತ್ತಿದರೆ ಕಾರು ಉಳಿಯುತ್ತದೆ. ಇಲ್ಲದಿದ್ದರೆ ಮಿನಿವ್ಯಾನ್. ಆ ಕಾರಿನ ಮೇಲೆ ನನಗಿದ್ದ ಪ್ರೀತಿ ಎಷ್ಟೆಂದರೆ, ಆ ರಾತ್ರಿ ಊಟ ಸೇರಲಿಲ್ಲ.

೨. ಡೋಸ್

ನಮ್ಮ ಕಡೆಯ ಕನ್ನಡಿಗರಿಗೆಲ್ಲ ಹಿರಿಯರಾದ ಒಬ್ಬ ಡಾಕ್ಟರ್ ಅಂಕಲ್ ಇದ್ದಾರೆ. ಅರವತ್ತರ ದಶಕದ ಕೊನೆಯಲ್ಲಿ ಬಂದವರು. ಹೃದಯದ ಡಾಕ್ಟರು, ಆದರೆ ಚಿಮಣಿ, ಇನ್ಶೂರೆನ್ಸು, ಮಕ್ಕಳ ಕಾಲೇಜು, ಎಲ್ಲದಕ್ಕೂ ಅವರಲ್ಲಿ ಮದ್ದುಂಟು. ಯಾರದೋ ಮನೆಯ ಊಟದಲ್ಲಿ ನನ್ನ ಕಷ್ಟ ಹೇಳಿಕೊಂಡೆ.

"ಟೈರೆಲ್ಲಾ ವೇಸ್ಟ್ ಕಣಯ್ಯಾ" ಎಂದರು. "ಹಿಂದಿನ ಚಕ್ರದಿಂದ ಓಡೋ ಕಾರಿಗೆ ಹಿಂದೆ ವೇಟ್ ಬೇಕು. ನಾನು ಬಫಲೋದಲ್ಲಿ ರೆಸಿಡೆನ್ಸಿ ಮಾಡ್ತಿದ್ದಾಗ ಟ್ರಂಕಲ್ಲಿ ಮರಳು ಮೂಟೆ ಹಾಕ್ಕೊಂಡು ಇಡೀ ವಿಂಟರ್ ಡ್ರೈವ್ ಮಾಡಿದೀನಿ."

"ಮರಳು ಎಲ್ಲಿಂದ ತರೋದು ಅಂಕಲ್?"

"ಮರಳೇ ಯಾಕೆ? ಅಕ್ಕಿ ಹಾಕು. ಹೇಗೂ ಮನೆಗೆ ಬೇಕಲ್ಲ."

ಇಂಡಿಯನ್ ಅಂಗಡಿಯಲ್ಲಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಆರು ಚೀಲ ಕೊಂಡೆ. ಅಂಗಡಿಯವರು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು. ವಿಶೇಷ ಏನಿಲ್ಲ, ಹಿಮ ಎಂದೆ.

ಫೆಬ್ರವರಿಯಲ್ಲಿ ಇನ್ನೊಮ್ಮೆ ಹಿಮ ಬಿತ್ತು. ಕಾರು ಮುಕ್ಕಾಲು ಏರು ಹತ್ತಿತು. ನನಗೆ ಕಣ್ಣು ತುಂಬಿ ಬಂತು. ಅಲ್ಲಿಂದ ನೂರಿಪ್ಪತ್ತು ಪೌಂಡ್ ಅಕ್ಕಿಯ ಸಮೇತ ಹಿಂದಕ್ಕೆ ಹೊರಟಿತು ನೋಡಿ, ಹೋದ ಸಲಕ್ಕಿಂತ ಎರಡರಷ್ಟು ವೇಗದಲ್ಲಿ ಟಪಾಲು ಡಬ್ಬಿಗಳನ್ನು ತಲುಪಿತು. ಒಂದು ಚೀಲ ಒಡೆಯಿತು. ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸೀಟಿನ ಕೆಳಗಿನಿಂದ ಅಕ್ಕಿ ಉರುಳಿ ಬರುತ್ತಿತ್ತು.

ಡಾಕ್ಟರ್ ಅಂಕಲ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು "ಎಷ್ಟು ಚೀಲ ಹಾಕಿದ್ದೆ?" ಎಂದರು.

"ಆರು ಅಂಕಲ್."

"ಡೋಸ್ ಸಾಲದು."

೩. ಅಳತೆ

ಚಳಿಗಾಲದ ಟೈರು ಆರಿಸುವುದು ನಾನು ಎಣಿಸಿದಷ್ಟು ಸುಲಭವಾಗಿರಲಿಲ್ಲ. ಪ್ರತಿ ವರ್ಷ ಅದೇ ಚಕ್ರದಿಂದ ಒಂದು ಟೈರು ಬಿಚ್ಚಿ ಇನ್ನೊಂದು ಹಾಕಿಸುವುದಕ್ಕಿಂತ, ಬೇರೆಯೇ ನಾಲ್ಕು ಚಕ್ರ ಕೊಂಡು ಅದಕ್ಕೆ ಚಳಿಗಾಲದ ಟೈರು ಹಾಕಿಸಿಟ್ಟುಕೊಂಡರೆ ಒಳ್ಳೆಯದು ಎಂದು ಬಲ್ಲವರು ಹೇಳಿದರು. ಆ ಚಕ್ರ ಮೂಲದ್ದಕ್ಕಿಂತ ಒಂದಿಂಚು ಚಿಕ್ಕದಿರಬೇಕು, ಟೈರಿನ ಅಗಲ ಕಡಿಮೆ ಇರಬೇಕು. ಅಗಲ ಟೈರು ಹಿಮದ ಮೇಲೆ ತೇಲುತ್ತದೆ, ಸಣ್ಣದು ಕೊರೆದುಕೊಂಡು ಹೋಗುತ್ತದೆ. ಆದರೆ ತೀರಾ ಚಿಕ್ಕದಾದರೆ ಒಳಗಿನ ಬ್ರೇಕಿಗೆ ತಗಲುತ್ತದೆ. ಬೋಲ್ಟಿನ ತೂತುಗಳು ಕೂಡಬೇಕು, ನಡುವಿನ ತೂತು ಕೂಡಬೇಕು.

ಇಂಟರ್‌ನೆಟ್ಟಿನಲ್ಲಿ ನನ್ನಂಥದೇ ಕಾರಿರುವವರ ಒಂದು ಕೂಟವಿತ್ತು. ಒಂದು ಪ್ರಶ್ನೆ ಕೇಳಿದರೆ ಹನ್ನೊಂದು ಉತ್ತರ ಬರುತ್ತಿದ್ದವು, ಆಮೇಲೆ ಆ ಹನ್ನೊಂದು ಜನ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ನಾನು ಎಲ್ಲವನ್ನೂ ಪ್ರಿಂಟ್ ತೆಗೆದು, ಊಟದ ಮೇಜಿನ ಮೇಲೆ ಹರಡಿಕೊಂಡು, ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದೆ. ಮೂರು ವಾರ ನಾವು ಸೋಫಾದ ಮೇಲೆ ಊಟ ಮಾಡಿದೆವು.

"ನನ್ನನ್ನು ನೋಡಲಿಕ್ಕೆ ಬಂದಾಗ ಗೋಳಿಬಜೆ ತಣಿಯುವ ಮೊದಲು ಒಪ್ಪಿದ್ರಿ" ಎಂದಳು ಹೆಂಡತಿ. "ನಾಲ್ಕು ಚಕ್ರಕ್ಕೆ ಮೂರು ವಾರವಾ?"

"ಇದು ಅಳತೆ ನೋಡಿ ತಗೋಬೇಕಾದ್ದು. ಕೂಡದೇ ಹೋದ್ರೆ ಕಷ್ಟ."

"ಅದು ನಮಗೂ ಗೊತ್ತಿತ್ತು. ಅದಕ್ಕೇ ಆ ದಿನ ಅಳತೆ ನೋಡುವ ಕೆಲಸ ನಮ್ಮ ಮನೆಯವರೇ ಇಟ್ಟುಕೊಂಡದ್ದು."

೪. ಬೇರು

ಸೆಪ್ಟೆಂಬರಿನಲ್ಲಿ ಅತ್ತೆ ಮಂಗಳೂರಿನಿಂದ ಆರು ತಿಂಗಳಿಗೆಂದು ಬಂದರು. ಅಕ್ಟೋಬರಿನಲ್ಲಿ ಆಯುಧಪೂಜೆ. ಎರಡೂ ಕಾರಿಗೆ ಅರಿಸಿನ ಕುಂಕುಮ ಹಚ್ಚಿ, ಒಂದೊಂದು ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು ಶಾಸ್ತ್ರೋಕ್ತವಾಗಿ ಪೂಜೆ ಮಾಡಿಸಿದರು.

ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ನನ್ನ ಹೊಸ ಚಕ್ರಗಳು ಬಂದವು. ಜ್ಯಾಕ್ ಕೊಟ್ಟು ಕಾರೆತ್ತಿ, ಹಳೇ ಚಕ್ರ ಬಿಚ್ಚಿ ಗ್ಯಾರೇಜಿಗೆ ಸೇರಿಸಿ, ಹೊಸದನ್ನು ಕೂರಿಸುತ್ತಿದ್ದೆ. ಅತ್ತೆ ಶಾಲು ಹೊದ್ದು ನಿಂತು ನೋಡುತ್ತಿದ್ದರು.

"ಅಲ್ಲ, ಪೂಜೆ ಆದ ಚಕ್ರವನ್ನು ತೆಗೆದು ಒಳಗಿಟ್ಟು, ಪೂಜೆ ಆಗದ್ದನ್ನು ಹಾಕಿಕೊಂಡು ಹೋಗುವುದಾ?"

"ಪೂಜೆ ಕಾರಿಗೆ ಆಗಿದೆ ಅತ್ತೆ."

"ನಿಂಬೆಹಣ್ಣು ಒಡೆದದ್ದು ಯಾವುದು? ಕಾರಾ, ಚಕ್ರವಾ?"

ಇದಕ್ಕೆ ಉತ್ತರ ಇಂಟರ್‌ನೆಟ್ಟಿನ ಆ ಹನ್ನೊಂದು ಜನರಲ್ಲೂ ಇರಲಾರದು. ಮತ್ತೆ ನಾಲ್ಕು ನಿಂಬೆಹಣ್ಣು ಬಂತು, ಮತ್ತೆ ಪೂಜೆಯಾಯಿತು.

ಅದಾದ ಮೇಲೆ ಹೈವೇಯಲ್ಲಿ ಅರವತ್ತು ಮೈಲಿ ವೇಗ ದಾಟಿದರೆ ಸ್ಟಿಯರಿಂಗ್ ನಡುಗತೊಡಗಿತು. ಟೈರ್ ಅಂಗಡಿಗೆ ಒಯ್ದೆ. ಅಲ್ಲಿದ್ದವನು ಆಜಾನುಬಾಹು, ಮಾತು ಕಡಿಮೆ. ಚಕ್ರ ಬಿಚ್ಚಿ ಒಳಗಡೆ ನೋಡಿ ನನ್ನನ್ನು ಕರೆದ. ಕಡ್ಡಿಗಳ ಹಿಂದೆ, ಯಾರಿಗೂ ಕಾಣದ ಹಾಗೆ, ಹಳದಿ ದಾರದಲ್ಲಿ ಒಂದು ದಪ್ಪ ಅರಿಸಿನ ಕೊಂಬು ಕಟ್ಟಿತ್ತು. ನಾಲ್ಕು ಚಕ್ರಕ್ಕೂ ಒಂದೊಂದು. ಅತ್ತೆ ನನಗೆ ಗೊತ್ತಾಗದಂತೆ ಕಟ್ಟಿದ್ದರು. ಆ ಭಾರಕ್ಕೇ ಚಕ್ರದ ತೂಕ ಒಂದು ಕಡೆ ವಾಲಿ ಅಷ್ಟೊಂದು ನಡುಕ.

ಇದೇನು ಎಂದು ಅವನು ಕೇಳಿದ. ನಮ್ಮತ್ತೆ ರಕ್ಷಣೆಗೆ ಕಟ್ಟಿದ ಬೇರು ಎಂದೆ. ನಿನ್ನ ಅತ್ತೆ ಈಗ ನಿಮ್ಮ ಮನೆಯಲ್ಲೇ ಇದ್ದಾರಾ ಎಂದು ಕೇಳಿದ. ಮಾರ್ಚ್ ತನಕ ಇರುತ್ತಾರೆ ಎಂದೆ. ಅವನು ಅರ್ಥವಾಯಿತು ಎಂಬಂತೆ ತಲೆಯಾಡಿಸಿ ಒಳಗೆ ಹೋದ. ಅರ್ಧ ಗಂಟೆಯಲ್ಲಿ ಕಾರು ಬಂತು, ನಡುಕ ಪೂರ್ತಿ ನಿಂತಿತ್ತು. ರಸೀದಿಯ ಕೆಳಗೆ ಅವನು ಕೈಯಲ್ಲಿ ಬರೆದಿದ್ದ: "ಬೇರು ಬಿಚ್ಚಿಲ್ಲ. ಬೇರು ಸೇರಿಸಿಯೇ ಬ್ಯಾಲೆನ್ಸ್ ಮಾಡಲಾಗಿದೆ."

೫. ಎರಡು ಅರ್ಜಿ

ಎಲ್ಲ ಸಿದ್ಧವಾಯಿತು. ಹಿಮ ಮಾತ್ರ ಬರಲಿಲ್ಲ.

ಡಿಸೆಂಬರ್ ಹೋಯಿತು, ಜನವರಿ ಹೋಯಿತು. ನಾಳೆ ಭಾರಿ ಹಿಮ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಜನ ಓಡಿ ಹೋಗಿ ಅಂಗಡಿಯ ಹಾಲು, ಬ್ರೆಡ್ಡು ಖಾಲಿ ಮಾಡುತ್ತಿದ್ದರು. ಬೆಳಗಾದರೆ ಬರೀ ಮಳೆ. ಕೆಲವು ದಿನವಂತೂ ಸ್ವೆಟರ್ ಬೇಡದಂಥ ಬಿಸಿಲು. ಚಳಿಗಾಲದ ಟೈರು ಮೆತ್ತಗಿರುತ್ತದೆ, ಬೆಚ್ಚಗಿನ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಮೂರು ವಾರ ಕೂತು ಆರಿಸಿದ ಟೈರು ಕಣ್ಣೆದುರೇ ಸವೆಯುತ್ತಿತ್ತು. ಹೆಂಡತಿ ಮಿನಿವ್ಯಾನಿನ ಬಣ್ಣದ ಪುಸ್ತಿಕೆಗಳನ್ನು ತಂದು ಊಟದ ಮೇಜಿನ ಮೇಲೆ ನನ್ನ ಪ್ರಿಂಟ್‌ಗಳಿದ್ದ ಜಾಗದಲ್ಲೇ ಹರಡಿದಳು.

ನಾನು ದೇವರನ್ನು ಬೇಡುವವನಲ್ಲ. ಆದರೂ ದಿನಾ ಸಂಜೆ ದೇವರ ಗೂಡಿನ ಮುಂದೆ ನಿಂತು, ಗಣಪತಿಗೆ ಕೈಮುಗಿದು, ಆರು ಇಂಚು ಸಾಕು, ಹೆಚ್ಚು ಬೇಡ ಎಂದು ಕೇಳಿಕೊಳ್ಳಲು ಶುರು ಮಾಡಿದೆ. ಒಂದು ದಿನ ಅತ್ತೆ ನೋಡಿದರು. ಅವರಿಗೆ ಬಹಳ ಸಂತೋಷವಾಯಿತು.

"ನೀವೇನೂ ಹೆದರಬೇಡಿ" ಎಂದರು. "ಆ ಕಾರಿನಲ್ಲಿ ನೀವು ಏರು ಹತ್ತಲಿಕ್ಕೆ ಹೊರಟಿದ್ದೀರಿ ಅಂತ ಮಗಳು ಹೇಳಿದ ದಿವಸದಿಂದ ನಾನು ಬೆಳಿಗ್ಗೆ ಬೆಳಿಗ್ಗೆ ಇದೇ ಗಣಪತಿಗೆ ಹೇಳ್ತಾ ಇದ್ದೇನೆ, ಹಿಮ ಬೀಳುವುದೇ ಬೇಡ ಅಂತ."

೬. ಏರು

ಫೆಬ್ರವರಿಯ ಕೊನೆಯ ವಾರ ಅತ್ತೆಗೆ ಜ್ವರ ಬಂದು ಎರಡು ದಿನ ಪೂಜೆ ತಪ್ಪಿತು. ಮೂರನೆಯ ಬೆಳಿಗ್ಗೆ ಕಿಟಕಿಯ ಹೊರಗೆ ಏಳು ಇಂಚು ಹಿಮ ಬಿದ್ದಿತ್ತು. ಕೆಳಗೆ ಗಾಜಿನಂಥ ಮಂಜುಗಡ್ಡೆ ಬೇರೆ.

ಶಾಲೆ ರಜ, ನನ್ನ ಆಫೀಸೂ ರಜ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಅವಳಿಗೆ ರಜವಿಲ್ಲ. ಇವಳು ಹೋಗುವ ತನಕ ಹಿಂದಿನ ಪಾಳಿಯವಳು ಮನೆಗೆ ಹೋಗುವಂತಿಲ್ಲ. ಅವಳು ತನ್ನ ಕಾರು ತೆಗೆದು ಎರಡು ಸಲ ಏರಿಗೆ ನುಗ್ಗಿಸಿದಳು. ಎರಡು ಸಲವೂ ಅದು ಟಪಾಲು ಡಬ್ಬಿಗಳ ಮುಂದೆ ಬಂದು ಅಡ್ಡಡ್ಡ ನಿಂತಿತು. ಹಳೆಯ ನೆನಪಾಯಿತು. ಪೈಜಾಮದ ಮೇಲೆ ಜ್ಯಾಕೆಟ್ ಹಾಕಿ, ಮನೆಯ ಚಪ್ಪಲಿಯಲ್ಲೇ ಗ್ಯಾರೇಜಿಗೆ ಹೋಗಿ, ನನ್ನ ಕಾರನ್ನು ಹೊರಗೆ ತಂದೆ.

"ಹತ್ತು" ಎಂದೆ.

ಬೀದಿಯವರು ಅರ್ಧಕ್ಕರ್ಧ ಸಲಿಕೆ ಹಿಡಿದು ಹೊರಗಿದ್ದರು. ಕಾರು ಏರಿಗೆ ಬಿತ್ತು. ಏನು ಹೇಳಲಿ, ಹಿಮವೇ ಇಲ್ಲವೇನೋ ಎಂಬ ಹಾಗೆ ಹತ್ತಿತು. ಅರ್ಧ ದಾರಿ ಆಯಿತು. ಅಲ್ಲಿ ಯಾರದೋ ದೊಡ್ಡ ಗಾಡಿ ಜಾರಿ ರಸ್ತೆಗೆ ಅಡ್ಡ ನಿಂತಿತ್ತು. ಬ್ರೇಕ್ ಹಾಕಿದೆ. ನನ್ನ ಕಾರು ಹೇಳಿದ ಕಡೆ ನಿಂತಿತು. ಐದು ನಿಮಿಷದಲ್ಲಿ ಆ ಗಾಡಿ ಪಕ್ಕಕ್ಕೆ ಸರಿದು ದಾರಿ ತೆರವಾಯಿತು.

ಈಗ ನಡು ಏರಿನಲ್ಲಿ ನಿಂತ ಗೇರಿನ ಕಾರನ್ನು ಹೊರಡಿಸಬೇಕು. ಆ ಸಪಾಟು ಪಾರ್ಕಿಂಗ್ ಲಾಟು ನೆನಪಿಗೆ ಬಂತು.

ಕ್ಲಚ್ ಬಿಟ್ಟೆ, ಕಾರು ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿ ಬಿಟ್ಟೆ, ಆಫ್ ಆಯಿತು. ಮೂರನೆಯ ಸಲ ನಾಲ್ಕಡಿ ಹಿಂದಕ್ಕೆ ಬಂದೆವು. ಹಿಂದೆ ನಿಂತಿದ್ದವರು ಸಲಿಕೆ ಸಮೇತ ಚದುರಿದರು.

"ಇಳಿಯಿರಿ" ಎಂದಳು ಹೆಂಡತಿ.

"ಇನ್ನೊಂದು ಸಲ..."

"ಇಳಿಯಿರಿ ಮಾರಾಯ್ರೆ, ಅಲ್ಲಿ ಆ ಹುಡುಗಿ ಕಾಯ್ತಾ ಇದ್ದಾಳೆ."

ಇಳಿದೆ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳು ಆ ಸೀಟಿನಲ್ಲಿ ಕೂತಳು. ನಾನೂ ಏನಾದರೂ ಮಾಡಬೇಕಲ್ಲ ಎಂದು ನೂಕಲು ಹಿಂದಕ್ಕೆ ಹೋಗಿ, ಎರಡೂ ಕೈ ಕಾರಿಗೆ ಕೊಟ್ಟು, ಮೈಭಾರವನ್ನೆಲ್ಲ ಹಾಕಿದೆ. ಅವಳು ಹ್ಯಾಂಡ್‌ಬ್ರೇಕ್ ಬಿಟ್ಟದ್ದು, ಕಾರು ಹೊರಟದ್ದು ಒಂದೇ ಕ್ಷಣ. ನನ್ನ ಕೈಯ ಮುಂದೆ ಕಾರೇ ಇರಲಿಲ್ಲ. ಮುಖ ಕೆಳಗಾಗಿ ಹಿಮದಲ್ಲಿ ಬಿದ್ದೆ. ತಲೆಯೆತ್ತಿದಾಗ ಕಾರು ಏರಿನ ನೆತ್ತಿ ಮುಟ್ಟಿತ್ತು. ಒಂದು ಸಲ ಹಾರ್ನ್ ಹೊಡೆದು ದೊಡ್ಡ ರಸ್ತೆಗೆ ತಿರುಗಿ ಹೋಯಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ಎದುರು ಮನೆಯವನು ನನ್ನನ್ನು ಎಬ್ಬಿಸುತ್ತಾ, ಅದ್ಭುತವಾಗಿ ಹತ್ತಿತು, ಯಾವ ಟೈರದು ಎಂದು ಕೇಳಿದ. ಬಾಯಲ್ಲಿದ್ದ ಹಿಮ ಉಗುಳಿ, ಟೈರಿನ ಹೆಸರು, ಅಗಲ, ಚಕ್ರದ ಇಂಚು ಎಲ್ಲ ಹೇಳಿದೆ. ಒಂದು ಚಪ್ಪಲಿ ಸಿಕ್ಕಲಿಲ್ಲ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ, "ಇನ್ನೊಂದು ಕೊಂಬು ಉಳಿದಿದೆ. ನಿಮಗೂ ಕಟ್ಟಲಾ?" ಎಂದರು.

ಸಂಜೆ ಕಾರು ಒಂದು ಗೀರೂ ಇಲ್ಲದೆ ಬಂದು ನಿಂತಿತು. ಕರಾರಿನ ಪ್ರಕಾರ ಹಿಮದ ಮೇಲೆ ಏರು ಹತ್ತಿತ್ತು, ಕಾರು ಉಳಿಯಿತು. ಹೆಂಡತಿ ಒಳಗೆ ಬಂದು ಮಿನಿವ್ಯಾನಿನ ಪುಸ್ತಿಕೆಗಳನ್ನೆಲ್ಲ ಬಾಚಿ ಕಸಕ್ಕೆ ಹಾಕಿದಳು. ನನಗೆ ಆನಂದವಾಯಿತು. ಆಮೇಲೆ ಆ ಕಾರಿನ ಕೀಲಿಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡು, ತನ್ನ ಹಳೇ ಕಾರಿನ ಕೀಲಿ ಬಿಡಿಸಿ ನನ್ನ ಕೈಗಿಟ್ಟಳು.

"ನೀವು ಹೇಳಿದ್ದು ಸರಿ ಮಾರಾಯ್ರೆ" ಎಂದಳು. "ತಪ್ಪು ಕಾರಿನದ್ದಲ್ಲ."