ಗೆರೆಯ ಮೇಲೊಂದು ಕುಂಕುಮದ ಬೊಟ್ಟು

ಸಾಗರದ ಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುತ್ತಾ ನಲವತ್ತು ವರ್ಷ ಕಳೆದೆ. ದೇವರು, ಮದುವೆ, ತೀರಿಹೋದ ಹಿರಿಯರು. ಯಾರೂ ತೊಂದರೆ ಕೊಟ್ಟವರಲ್ಲ. ತೀರ್ಥಹಳ್ಳಿಯ ಕಲಾವಿದರೊಬ್ಬರು ಗಿರಾಕಿಯಾದ ಮೇಲೆ ಮಾತ್ರ ಏನಾದರೊಂದು ನಡೆಯುತ್ತಲೇ ಇದೆ.

ಬೊಟ್ಟು

ಅವರ ಚಿತ್ರಗಳಲ್ಲಿ ಮರವಿಲ್ಲ, ಮನುಷ್ಯರಿಲ್ಲ. ಮೊದಲು ತಂದದ್ದು ಆಳೆತ್ತರದ ಕ್ಯಾನ್ವಾಸು. ಕೆಮ್ಮಣ್ಣಿನ ಬಣ್ಣದ ಮೇಲೆ ನೂರಾರು ಬಿಳಿ ಗೆರೆ. ಒಂದಕ್ಕೊಂದು ತಾಗಿಲ್ಲ. ಕೈ ನಡುಗದೆ ಇಷ್ಟು ಎಳೆದದ್ದು ಹೇಗೆ ಎಂದು ನೋಡುತ್ತಾ ನಿಂತೆ. ಬಂದ ಇಬ್ಬರು ಗಿರಾಕಿಗಳು ಕಾದು ಕಾದು ಹೋದರು.

ಕಟ್ಟು ಮುಗಿದ ಮೇಲೆ ಗಾಜಿಗೆ ಕುಂಕುಮದ ಬೊಟ್ಟಿಟ್ಟು ಕೈಮುಗಿಯುವುದು ನನ್ನ ಅಭ್ಯಾಸ. ಅಂದೂ ಇಟ್ಟೆ. ಇಟ್ಟ ಮೇಲೆ ನೆನಪಾಯಿತು, ಇದಕ್ಕೆ ಗಾಜಿಲ್ಲ. ಬೊಟ್ಟು ನಡುವಿನ ಬಿಳಿ ಗೆರೆಯ ಮೇಲೇ ಕೂತಿತ್ತು.

ಕಲಾವಿದರು ಬಂದರು. ನೋಡಿದರು. ನಾನು ಸುತ್ತಿಗೆ ಕೆಳಗಿಟ್ಟೆ. ಬೊಟ್ಟಿನ ಹತ್ತಿರ ಮುಖ ತಂದು, “ನಾಲ್ಕು ತಿಂಗಳಿಂದ ಅಲ್ಲೇನೋ ಕಮ್ಮಿ ಅನ್ಸ್ತಿತ್ತು ಮಾರಾಯ್ರೇ. ಇರ್ಲಿ ಬಿಡಿ,” ಅಂದರು.

ನಾಲ್ಕು ತಿಂಗಳ ಕೆಲಸವನ್ನು ಒಂದೇ ಬೆರಳಲ್ಲಿ ಮುಗಿಸಿದ್ದೆ.

ಬಿಳಿ

ಒಮ್ಮೆ ಕಲಾವಿದರು ನನ್ನನ್ನು ಹುಲಿಕಲ್ ಘಾಟಿಗೆ ಕರೆದೊಯ್ದರು. ಎದುರಿಗೆ ಬರೀ ಮಂಜು.

“ಎಷ್ಟು ಬಣ್ಣ ಇದೆ?” ಎಂದರು.

“ಒಂದು. ಬಿಳಿ.”

“ನಿಂತ್ಕೊಳ್ಳಿ,” ಅಂದರು.

ಒಂದು ಗಂಟೆ ನಿಂತೆ. ಹನ್ನೊಂದು ಬಿಳಿ ಕಂಡವು. ಒಂದರಂತೆ ಒಂದಿಲ್ಲ. ಅರವತ್ತೆಂಟು ವರ್ಷ ಈ ಕಣ್ಣಿಟ್ಟುಕೊಂಡು ಏನು ಮಾಡಿದೆನೋ ಅನ್ನಿಸಿತು. ಚಹಾ ಆರುತ್ತಿದೆ ಎಂದು ಕರೆಯಲು ಬಂದ ಘಾಟಿಯ ಚಹಾದಂಗಡಿಯವನೂ ಪಕ್ಕದಲ್ಲಿ ನಿಂತು ಎಣಿಸತೊಡಗಿದ.

ಹನ್ನೆರಡನೆಯ ಬಿಳಿ ಅವನ ಒಲೆಯ ಮೇಲೆ ಸಿಕ್ಕಿತು. ಹಾಲು ಉಕ್ಕಿ ಹರಿದಿತ್ತು.

ಗುರು

ದೂರದ ಊರಿನ ಕಲಾ ವಿಮರ್ಶಕರೊಬ್ಬರು ಇವರನ್ನು ಹುಡುಕಿಕೊಂಡು ನನ್ನ ಅಂಗಡಿಗೇ ಬಂದರು. ಅಲ್ಲೇ ಕೂತಿದ್ದ ಕಲಾವಿದರಿಗೆ ಪರದೇಶದ ನಾಲ್ಕೈದು ಚಿತ್ರಕಾರರ ಹೆಸರು ಹೇಳಿ, “ಇವರಲ್ಲಿ ಯಾರ ಪ್ರಭಾವ?” ಎಂದರು.

“ನಮ್ಮ ದೊಡ್ಡಮ್ಮಂದು. ಬ್ಯಾಕೋಡಲ್ಲಿದಾರೆ. ಮದುವೆ ಮನೆ ಗೋಡೆಗೆ ಹಸೆ ಚಿತ್ತಾರ ಬರೀತಾರೆ. ಅಕ್ಕಿಹಿಟ್ಟು, ಪುಂಡಿನಾರಿನ ಕುಂಚ.”

“ಅವರ ಚಿತ್ರಗಳು ಎಲ್ಲಿ ನೋಡಲು ಸಿಗುತ್ತವೆ?”

“ಸಿಗಲ್ಲ. ಮದುವೆ ಮುಗಿದ ಮೇಲೆ ಅದರ ಮೇಲೆ ಕೆಮ್ಮಣ್ಣು ಬಳೀತಾರೆ.”

ವಿಮರ್ಶಕರು ಬರೆಯುವುದನ್ನು ನಿಲ್ಲಿಸಿದರು. “ನಿಮ್ಮ ಚಿತ್ರ ಅವರು ನೋಡಿದ್ದಾರಾ?”

“ಇಲ್ಲ. ಚಿಕ್ಕವನಿದ್ದಾಗ ಒಂದು ಗೆರೆ ಸೊಟ್ಟ ಎಳೆದೆ. ಇಡೀ ಗೋಡೆ ಅಳಿಸಿಬಿಟ್ರು. ತೋರಿಸೋಕೆ ಇನ್ನೂ ಧೈರ್ಯ ಬಂದಿಲ್ಲ.”

ಆಗ ಕಲಾವಿದರಿಗೆ ಅರವತ್ತೆರಡು ವರ್ಷ.

ದೊಡ್ಡಮ್ಮ

ಕಡೆಗೂ ಕಲಾವಿದರಿಗೆ ಧೈರ್ಯ ಬಂತು. ಸಾಗರದಲ್ಲಿ ಪ್ರದರ್ಶನ ಇಟ್ಟು ದೊಡ್ಡಮ್ಮನನ್ನು ಜೀಪಿನಲ್ಲಿ ಕರೆಸಿದರು.

“ದೊಡ್ಡಮ್ಮ ಅಳಿಸು ಅಂದ್ರೆ ಅಳಿಸ್ಬಿಡ್ತೀನಿ,” ಅಂದರು ನನ್ನ ಕಿವಿಯಲ್ಲಿ. ಹೇಳಿದ್ದನ್ನು ಮಾಡುವ ಮನುಷ್ಯ.

ಆ ಮೊದಲ ಚಿತ್ರದ ಮುಂದೆ ವಿಮರ್ಶಕರು ಇಪ್ಪತ್ತು ನಿಮಿಷ ಮಾತಾಡಿದರು. “ಈ ಕೆಂಪು ಬಿಂದು ಕಲಾವಿದರ ಇಡೀ ಜೀವಮಾನದ ಧ್ಯಾನ,” ಎಂದರು. ನಾನು ನನ್ನ ಬೆರಳು ನೋಡಿಕೊಂಡೆ.

ದೊಡ್ಡಮ್ಮ ಎದ್ದರು. ಎಂಬತ್ತು ದಾಟಿದ ಜೀವ. ಚಿತ್ರಕ್ಕೆ ತಾಗಿಸದೆ, ಒಂದೊಂದು ಗೆರೆಯ ಗುಂಟ ಗಾಳಿಯಲ್ಲೇ ಬೆರಳು ಓಡಿಸಿದರು. ಬೊಟ್ಟಿನ ಹತ್ತಿರ ಬೆರಳು ನಿಂತಿತು. ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ, ಬೊಟ್ಟನ್ನು ಒರೆಸಿಯೇಬಿಟ್ಟರು.

“ಅಯ್ಯಯ್ಯೋ!” ಎಂದರು ವಿಮರ್ಶಕರು.

“ಗೆರೆ ನಾ ಕಲ್ಸಿದ್ದೇ. ಒಂದೂ ಸೊಟ್ಟ ಇಲ್ಲ ಕಣಾ ತಮ್ಮಾ,” ಎಂದರು ದೊಡ್ಡಮ್ಮ.

ನಾನು ಚಿತ್ರ ನೋಡಿದೆ. ಅದುವರೆಗೆ ನನ್ನ ಬೊಟ್ಟಿನ ಹತ್ತಿರ ತಡೆದು ನಿಂತಿದ್ದ ಗೆರೆ ಈಗ ನೀರಿನಂತೆ ಹರಿದು ಹೋಗುತ್ತಿತ್ತು. ಕಲಾವಿದರು ಮಗುವಿನಂತೆ ಅಳುತ್ತಿದ್ದರು.

“ಈ ಬೊಟ್ಟು ಇಟ್ಟ ಪುಣ್ಯಾತ್ಮ ಯಾರು?” ಎಂದರು ದೊಡ್ಡಮ್ಮ.

ಕಲಾವಿದರು ಅಳುತ್ತಲೇ, “ಕಟ್ಟು ಹಾಕ್ದೋರು,” ಎಂದು ನನ್ನ ಕಡೆ ಕೈ ತೋರಿಸಿದರು.

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕಟ್ಟು ಹಾಕಕ್ಕೆ ಬರ್ತದಲ್ಲ, ಅಷ್ಟು ಸಾಕು.”

ಈಗ ದೇವರ ಪಟಕ್ಕೂ ಕೇಳಿಯೇ ಕುಂಕುಮ ಇಡುತ್ತೇನೆ.