ಸ್ಟೆಂಟ್ ಹಾಕಿಸಿಕೊಂಡವರ ಮನೆಬಾಗಿಲಲ್ಲಿ

ಹೃದಯದ ಆಸ್ಪತ್ರೆಯಲ್ಲಿ ಕೆಲಸ ಅಂದರೆ ದಿನವಿಡೀ ಮುಖ ಸಪ್ಪಗೆ ಇಟ್ಟುಕೊಂಡಿರಬೇಕು ಅಂತ ಜನ ತಿಳಿದಿದ್ದಾರೆ. ನನಗೋ, ನಗಬಾರದ ಕಡೆ ನಗು ತಡೆದುಕೊಳ್ಳುವುದೇ ಕೆಲಸದ ಅರ್ಧ ಕಷ್ಟ.

ನಾನು ಮೈಸೂರಿನ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ನರ್ಸ್. ಹೃದಯದ ರಕ್ತನಾಳ ಕಟ್ಟಿಕೊಂಡರೆ ಒಳಗೊಂದು ಬಲೆಯಂಥ ಸಣ್ಣ ಕೊಳವೆ ಕೂರಿಸಿ ದಾರಿ ಬಿಡಿಸುತ್ತಾರಲ್ಲ, ಅದೇ ಸ್ಟೆಂಟ್. ನಮ್ಮ ಕಡೆಯವರ ಬಾಯಲ್ಲಿ ಅದು ಸ್ಟಂಟ್. ಎರಡು ಬಗೆಯ ಸ್ಟೆಂಟ್‌ಗಳಲ್ಲಿ ಯಾವುದು ಹೆಚ್ಚು ವರ್ಷ ಚೆನ್ನಾಗಿರುತ್ತದೆ ಅಂತ ನೋಡುವ ಅಧ್ಯಯನ ನಮ್ಮದು. ಹಾಕಿಸಿಕೊಂಡು ಊರಿಗೆ ಹೋದವರನ್ನು ಹುಡುಕಿಕೊಂಡು ಹೋಗಿ, ಹೇಗಿದ್ದೀರಿ, ಮಾತ್ರೆ ನುಂಗುತ್ತಿದ್ದೀರಾ, ನೋವು ಬಂತಾ ಅಂತ ವಿಚಾರಿಸಿ ಫಾರಂ ತುಂಬುವುದು ನನ್ನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನನ್ನ ಪಾಲಿಗೆ ಬಂದ ತಾಲ್ಲೂಕುಗಳು. ಆ ಫಾರಂಗಳಲ್ಲಿ ಬರೆಯಲು ಜಾಗ ಸಿಗದ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಚೀಟಿ ಎತ್ತಿದವರು

ಬಿಳಿಕೆರೆ ಕಡೆಯ ಒಬ್ಬ ರೈತರು ಹೆಂಡತಿಯ ಜೊತೆ ಬಂದು ದಾಖಲಾಗಿದ್ದರು. ಅಧ್ಯಯನಕ್ಕೆ ಸೇರುವ ಮುಂಚೆ ಎಲ್ಲವನ್ನೂ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಬೇಕು. ಎರಡು ಸ್ಟೆಂಟೂ ಒಳ್ಳೆಯವೇ, ಯಾವುದು ಹಾಕಬೇಕು ಅಂತ ಡಾಕ್ಟರೂ ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ, ಕಂಪ್ಯೂಟರೇ ಹೇಳುತ್ತದೆ ಅಂತ ಅರ್ಧ ಗಂಟೆ ವಿವರಿಸಿದೆ.

ಅವರು ತಾಳ್ಮೆಯಿಂದ ಕೇಳಿ, "ಚೀಟಿ ಎತ್ತೋದು ಅನ್ನಿ" ಅಂದರು.

ನನ್ನ ಅರ್ಧ ಗಂಟೆ ಮೂರೇ ಪದದಲ್ಲಿ ಮುಗಿದಿತ್ತು. ಹೌದು ಅಂದೆ.

"ನಾವು ಅಣ್ತಮ್ಮಂದ್ರು ಜಮೀನು ಪಾಲು ಮಾಡ್ಕೊಂಡಾಗ್ಲೂ ಚೀಟಿ ಎತ್ತಿದ್ವಿ ಕಣ್ರೀ. ನಂಗೆ ಬಂದಿದ್ದು ಬಂಡೆ ಇರೋ ಮೂಲೆ."

ಅಲ್ಲಿಯವರೆಗೆ ಸುಮ್ಮನಿದ್ದ ಹೆಂಡತಿ, "ಈ ಸಲ ಚೀಟಿ ನಾನೆತ್ತುತೀನಿ. ಇವ್ರ ಕೈಗುಣ ನಂಗೊತ್ತು" ಅಂದರು.

ಚೀಟಿ ಇಲ್ಲ, ಕಂಪ್ಯೂಟರಿನ ಬಟನ್ ಅಷ್ಟೇ ಅಂದರೂ ಬಿಡಲಿಲ್ಲ. ಡಾಕ್ಟರನ್ನು ಕೇಳಿದೆ. "ಹೆಂಡತಿ ಒತ್ತಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ" ಅಂದರು. ಆಕೆ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಬಟನ್ ಒತ್ತಿದರು. ಏನು ಬಂತು ಅಂತ ನೋಡಿದ್ದು ಡಾಕ್ಟರು ಮಾತ್ರ.

ವರ್ಷದ ಮೇಲೆ ಅವರ ಮನೆಗೆ ಹೋದೆ. ಹೊಲದಿಂದ ಹಸುವಿನ ಮೇವು ಹೊತ್ತುಕೊಂಡು ಸರಾಗವಾಗಿ ನಡೆದು ಬಂದರು. ನೋವಿಲ್ಲ, ಏದುಸಿರಿಲ್ಲ. ಒಳ್ಳೆಯ ಸ್ಟೆಂಟೇ ಸಿಕ್ಕಿದ ಹಾಗಿದೆ ಅಂದೆ.

ಹೆಂಡತಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಜಮೀನು ಪಾಲಾದ ದಿನ ಇವ್ಳು ತವರಿಗೋಗಿದ್ಳು ಸಿಸ್ಟ್ರೇ. ಅದೇ ತಪ್ಪಾಗಿದ್ದು."

ಕೊನೆ ಗದ್ದೆ

ಕೆ.ಆರ್. ನಗರದ ಹತ್ತಿರದ ಊರಿನವರೊಬ್ಬರು ನೀರುಗಂಟಿ. ಕಾಲುವೆ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ಸ್ಟೆಂಟ್ ಹಾಕುವಾಗ ಪೂರ್ತಿ ಮತ್ತು ಬರಿಸುವುದಿಲ್ಲ, ಮಣಿಕಟ್ಟಿನ ನಾಳದಿಂದ ತಂತಿ ತೂರಿಸುತ್ತಾರೆ. ಎಚ್ಚರವಾಗೇ ಮಲಗಿದ್ದ ಇವರು ಪಕ್ಕದ ಪರದೆಯನ್ನು ನೋಡುತ್ತಾ ಇದ್ದರು. ಬಣ್ಣದ ದ್ರವ ಬಿಟ್ಟಾಗ ನಾಳಗಳು ಕಪ್ಪಗೆ ಕವಲೊಡೆದು ಕಾಣುತ್ತವೆ. ಒಂದು ಕವಲು ಮಾತ್ರ ಮಧ್ಯದಲ್ಲೇ ಸಣ್ಣಗಾಗಿ ಮುಂದೆ ಮಸುಕಾಗಿತ್ತು.

"ಮೇಲ್ಗಡೆ ಹೂಳು ಕಟ್ಕೊಂಡದೆ ಸಾರ್" ಅಂತ ಮಲಗಿದಲ್ಲಿಂದಲೇ ಹೇಳಿದರು. "ಅದ್ಕೇ ಕೊನೆ ಗದ್ದೆಗೆ ನೀರು ಓಯ್ತಾ ಇಲ್ಲ."

ಡಾಕ್ಟರ ಕೈ ನಿಂತಿತು. "ಅದನ್ನೇ ಬಿಡಿಸ್ತಾ ಇದ್ದೀವಿ ಯಜಮಾನ್ರೇ."

"ಮೆಲ್ಲಗೆ ಬುಡಿಸಿ. ಒಂದೇ ಸಲಕ್ಕೆ ತೂಬು ಎತ್ತುದ್ರೆ ಬದು ಕಿತ್ಕೊಂಡೋಯ್ತದೆ."

ನಿಜಕ್ಕೂ ಆ ನಾಳದ ಗೋಡೆ ಬಹಳ ನಾಜೂಕಾಗಿತ್ತು. ಡಾಕ್ಟರು ಬಲೂನನ್ನು ನಿಧಾನವಾಗಿ ಉಬ್ಬಿಸಿ, ಸ್ಟೆಂಟ್ ಕೂರಿಸಿ, ಮತ್ತೆ ದ್ರವ ಬಿಟ್ಟರು. ಕವಲು ತುದಿಯವರೆಗೂ ಕಪ್ಪಗೆ ತುಂಬಿಕೊಂಡಿತು. "ಹೂಂ, ಮುಟ್ಟುತು" ಅಂದರು ನೀರುಗಂಟಿ.

ಆಮೇಲೆ ಡಾಕ್ಟರು ಕೇಳಿದರು, "ಎಷ್ಟು ವರ್ಷ ಸರ್ವಿಸು?"

"ಮೂವತ್ತೆರಡು ಸಾರ್. ತಮ್ದು?"

"ಹನ್ನೊಂದು."

ನೀರುಗಂಟಿ ಒಂದು ಗಳಿಗೆ ಯೋಚಿಸಿ ಸಮಾಧಾನ ಹೇಳಿದರು. "ಪರ್ವಾಗಿಲ್ಲ ಬುಡಿ ಸಾರ್. ಕೈ ಕುದುರ್ತಾ ಅದೆ."

ಬುದ್ಧಿ ಹೇಳುವ ತಂಬಾಕಿನವರು

ಪಿರಿಯಾಪಟ್ಟಣದ ಕಡೆ ಒಬ್ಬರು ಹೊಗೆಸೊಪ್ಪು ಬೆಳೆಗಾರರು. ಬೀಡಿ ಬಿಡದಿದ್ದರೆ ಸ್ಟೆಂಟ್ ಹಾಕಿಯೂ ಉಪಯೋಗವಿಲ್ಲ ಅಂತ ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಕಳಿಸಿದ್ದರು. ಆರು ತಿಂಗಳ ಮೇಲೆ ಹೋದಾಗ, ಬೀಡಿ ಬಿಟ್ಟಿದ್ದು ನಿಜವಾ ಅಂತ ಅವರ ಹೆಂಡತಿಯನ್ನು ಬೇರೆಯಾಗಿ ಕೇಳಿದೆ.

"ಬುಟ್ಟವ್ರೆ ಕಣವ್ವ. ಮನೆಗೆ ನೆಂಟ್ರೂ ಬರೋದ ಬುಟ್ಟವ್ರೆ."

ಬೀಡಿ ಸೇದುವ ನೆಂಟ ಬಂದರೆ ಎದುರಿಗೆ ಕೂರಿಸಿಕೊಂಡು ರಕ್ತನಾಳದ ಚಿತ್ರ ಬರೆದು ತೋರಿಸುತ್ತಾರಂತೆ. ಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಕೂಲಿಯವರು ಬೀಡಿ ಹಚ್ಚುವಂತಿಲ್ಲವಂತೆ. ಹರಾಜಿನಲ್ಲಂತೂ ಇವರ ಸೊಪ್ಪನ್ನು ಮೂಸಿ ತಲೆದೂಗಿದ ವ್ಯಾಪಾರಿಗೆ, "ಒಳ್ಳೆ ಸೊಪ್ಪು ಸಾರ್, ತಗೊಳಿ. ಸೇದ್ಬೇಡಿ ಅಷ್ಟೇಯ" ಅಂದರಂತೆ.

ಅಷ್ಟರಲ್ಲಿ ಯಜಮಾನರೇ ಬಂದು ಈ ವರ್ಷ ಅರ್ಧ ಹೊಲಕ್ಕೆ ಶುಂಠಿ ಹಾಕಿರುವುದಾಗಿ ಹೇಳಿದರು. ಒಳ್ಳೇದಾಯಿತು, ಯಾಕೆ ಈ ಬದಲಾವಣೆ ಅಂದೆ.

"ಗಂಟ್ಲು ಬಿದ್ದೋಗ್ಯದೆ ಸಿಸ್ಟ್ರೇ. ಶುಂಠಿ ಆದ್ರೆ ಮಾರುದ್ಮೇಲೆ ಯಾರ್ಗೂ ಬುದ್ಧಿ ಹೇಳ್ಬೇಕಾಗಿಲ್ಲ."

ಎಚ್.ಡಿ. ಕೋಟೆಯ ಪರೀಕ್ಷೆ

ನಮ್ಮ ಪ್ರಶ್ನೆಗಳ ಹಾಳೆ ತಯಾರಾದದ್ದು ಬೇರೆ ಯಾವುದೋ ದೇಶದಲ್ಲಿ. ಯಾರೋ ಕೂತು ಕನ್ನಡಕ್ಕೆ ಮಾಡಿದ್ದಾರೆ. ಅದನ್ನು ಹಿಡಿದುಕೊಂಡು ಕಾಡಂಚಿನ ಒಂದು ಊರಿಗೆ ಹೋಗಿದ್ದೆ. ಸ್ಟೆಂಟ್ ಹಾಕಿಸಿಕೊಂಡಿದ್ದವರು ಐವತ್ತು ದಾಟಿದ ಹೆಂಗಸು. ಗಂಡ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಟೆನಿಸ್ ಆಡುವಾಗ ಎದೆ ನೋವು ಬರುತ್ತದೆಯೇ?" ಅಂತ ಓದಿದೆ.

"ಅಂಗಂದ್ರೆ ಏನವ್ವ?"

ಕೈ ಬೀಸಿ ತೋರಿಸಿದೆ. ನೊಣ ಓಡಿಸುವುದು ಅಂದುಕೊಂಡರು. "ಅದ್ಕೆಲ್ಲ ನೋವು ಬರಲ್ಲ" ಅಂದರು. ಬಿಟ್ಟು ಮುಂದಕ್ಕೆ ಹೋದೆ. "ಎರಡು ಮಹಡಿ ಮೆಟ್ಟಿಲು ಹತ್ತುವಾಗ?"

ಅವರ ಊರಲ್ಲಿ ಎರಡು ಮಹಡಿಯ ಮನೆಯೇ ಇಲ್ಲ. ರಾಗಿ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆ ಇದೆ, ಅದನ್ನು ಹತ್ತಿ ಇಳಿಯುತ್ತೇನೆ, ಅದನ್ನೇ ಬರೆದುಕೊ ಅಂದರು. ಬರೆದುಕೊಂಡೆ. ಇನ್ನು ಉಳಿದದ್ದು ಒಂದು. "ಜೋರಾಗಿ ಓಡುವಾಗ?"

"ಓಡಿದ್ದೆ ಬುಡು, ಓದ ಸೋಮ್ವಾರ. ಬೆಳಿಗ್ಗೆ ಇಬ್ರೂ ಅವರೆಕಾಯಿ ಕೀಳಕ್ಕೆ ಓಗಿದ್ವಿ. ಅಲಸಿನ ಮರದ ಮಗ್ಗುಲಲ್ಲಿ ಆನೆ ನಿಂತಿತ್ತು. ಅಲ್ಲಿಂದ ರೋಡ್ಗಂಟ ಓಡುದ್ವಿ."

ಆದರೂ ಫಾರಂ ಫಾರಂ ತಾನೆ. "ಆಗ ಎದೆ ನೋವು ಬಂತಾ?"

"ಆನೆ ಬಂತು. ನೋವು ಬರ್ನಿಲ್ಲ."

ಅವರೆಕಾಯಿ ಸುಲಿಯುತ್ತಿದ್ದ ಗಂಡ ತಲೆ ಎತ್ತದೆ ಹೇಳಿದರು. "ಇವ್ಳು ನನ್ಗಿಂತ ಮುಂದೋದ್ಳು ಸಿಸ್ಟ್ರೇ. ನಂಗೆ ಬಂತು ನೋವು. ಎಡಗೈಗಂಟ ಇಳೀತು. ಆನೆ ಭಯಕ್ಕೇನೋ ಅಂತ ಸುಮ್ಕಿದ್ದೆ."

ನಾನು ನಗುವುದನ್ನು ಬಿಟ್ಟು ನೆಟ್ಟಗೆ ಕೂತೆ. ಮೆಟ್ಟಿಲಿಲ್ಲದ ಊರಿನಲ್ಲಿ ಆ ನೋವು ಎಷ್ಟು ದಿನದಿಂದ ಅಡಗಿತ್ತೋ. ಕೆದಕಿ ಕೇಳಿದರೆ ಏರು ಹತ್ತುವಾಗೆಲ್ಲ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು. ಅವತ್ತೇ ನಮ್ಮ ಆಸ್ಪತ್ರೆಯ ಜೀಪಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಕರೆತಂದೆ. ಪರೀಕ್ಷೆ ಮಾಡಿದರೆ ಒಂದು ನಾಳ ಮುಕ್ಕಾಲು ಮುಚ್ಚಿತ್ತು. ಹೃದಯಾಘಾತ ಆಗುವ ಮುಂಚೆಯೇ ಚಿಕಿತ್ಸೆ ಸಿಕ್ಕಿತು. ಈಗ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದಾರೆ.

ಅವತ್ತು ದಾಖಲು ಮಾಡಿಕೊಳ್ಳುವಾಗ ಕೌಂಟರಿನವರು ಮಾಮೂಲಿ ಪ್ರಶ್ನೆ ಕೇಳಿದರು. "ಇಲ್ಲಿಗೆ ಯಾರು ಕಳಿಸಿದ್ದು?"

ಮನುಷ್ಯ ಸುಳ್ಳು ಹೇಳುವವರಲ್ಲ. "ಆನೆ" ಅಂದರು.

ಒಂಟೋದವರು

ಇದು ನನ್ನ ನೌಕರಿಗೇ ಕುತ್ತು ತರಬಹುದಾಗಿದ್ದ ಪ್ರಸಂಗ. ಹುಣಸೂರು ತಾಲ್ಲೂಕಿನ ಗುರುಪುರದ ಹತ್ತಿರದ ಊರಿನ ರೈತರೊಬ್ಬರಿಗೆ ನಮ್ಮಲ್ಲಿ ಸ್ಟೆಂಟ್ ಹಾಕಿ ವರ್ಷವಾಗಿತ್ತು. ಬಹಳ ಕಷ್ಟದ ಕೇಸು. ಡಾಕ್ಟರು ಎರಡು ಗಂಟೆ ಹೆಣಗಿ ಉಳಿಸಿಕೊಂಡಿದ್ದರು. ವರ್ಷ ತುಂಬಿದ ದಿನ ವಿಚಾರಿಸೋಣ ಅಂತ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು.

"ಯಜಮಾನ್ರು ಹೇಗಿದ್ದಾರಮ್ಮ?"

"ಒಂಟೋದ್ರು ಕಣವ್ವ. ಬೆಳಿಗ್ಗೆ ಆರ್ಗಂಟೆಗೆ."

ನಾನು ಹಾಳೆ ತಿರುವಿ ಫಾರಂನ ಸಾವಿನ ಪುಟ ತೆಗೆದೆ. ಆಮೇಲೆ, ಕೇಳಲೇಬೇಕಾದ ಪ್ರಶ್ನೆಗಳಿವೆಯಲ್ಲ, "ನೋವೇನಾದ್ರೂ ಇತ್ತಾ ಅಮ್ಮ?" ಅಂದೆ.

"ಎಂಥದೂ ಇರ್ನಿಲ್ಲ. ಎದ್ರು, ಸ್ನಾನ ಮಾಡುದ್ರು, ಕಾಪಿ ಕುಡುದ್ರು. ನಗ್ನಗ್ತಾನೇ ಒಂಟೋದ್ರು."

"ಹತ್ತಿರ ಯಾರಿದ್ರು?"

"ನಾನೊಬ್ಳೇಯ. ನೀನೂ ಬಾ ಅಂತ ಕರುದ್ರು. ನಂಗೆ ಕೆಲ್ಸ ಬಿದ್ದದೆ, ಈ ಸಲ ನೀವೋಗಿ ಅಂದೆ."

ದುಃಖಕ್ಕೆ ಹೀಗೆಲ್ಲ ಮಾತಾಡುತ್ತಿದ್ದಾರೆ ಪಾಪ ಅಂತ ನನ್ನ ಕಣ್ಣು ತುಂಬಿತು. "ಧೈರ್ಯ ತಂದ್ಕೊಳ್ಳಿ ಅಮ್ಮ" ಅಂದೆ. "ಅದ್ಯಾಕವ್ವ, ನಂಗೇನಾಗ್ಯದೆ?" ಅನ್ನುತ್ತಿದ್ದಂತೆ ಲೈನ್ ಹೋಯಿತು. ಮತ್ತೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ.

ಅಧ್ಯಯನದಲ್ಲಿ ಇರುವವರು ತೀರಿಕೊಂಡರೆ ಅದೇ ದಿನ ಮೇಲಕ್ಕೆ ವರದಿ ಹೋಗಬೇಕು. ಡಾಕ್ಟರು ಆ ಕೇಸಿನ ಫೈಲನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಓದಿ ಸಹಿ ಹಾಕಿದರು. ನಾನೇ ಕಳಿಸಿದೆ. ಮಾರನೇ ದಿನ ಮನೆಯವರನ್ನು ಮಾತಾಡಿಸಿ ಬರೋಣ ಅಂತ ಇಬ್ಬರೂ ಹೊರಟೆವು. ನಾನು ಹೂ ಮುಡಿದಿರಲಿಲ್ಲ. ದಾರಿಯುದ್ದಕ್ಕೂ ಡಾಕ್ಟರು, "ಎಲ್ಲಿ ತಪ್ಪಿದೆ ನಾನು" ಅಂತ ಎರಡು ಮೂರು ಸಲ ಅಂದರು.

ಮನೆಮುಂದೆ ಜೀಪು ನಿಂತಿತು. ಜಗುಲಿಯ ಮೇಲೆ ಮುಸುಕಿನ ಜೋಳದ ತೆನೆ ಬಿಡಿಸುತ್ತಾ ಕೂತಿದ್ದವರು ಎದ್ದು ನಿಂತು, "ಬನ್ನಿ ಸಾರ್, ಬನ್ನಿ ಸಿಸ್ಟ್ರೇ" ಅಂದರು. ತೀರಿಕೊಂಡವರೇ.

ಡಾಕ್ಟರು ನಡೆದು ಹೋಗಿ ಅವರ ಕೈ ಹಿಡಿದುಕೊಂಡರು. ನಾಡಿ ನೋಡುತ್ತಿದ್ದಾರೆ ಅಂದುಕೊಂಡ ಯಜಮಾನರು ಸ್ವಲ್ಪ ಹೊತ್ತು ಕಾದು, "ಯಾಕ್ ಸಾರ್, ಬಡೀತಾ ಇಲ್ವಾ?" ಅಂದರು.

"ಬಡೀತಾ ಇದೆ. ಚೆನ್ನಾಗೇ ಬಡೀತಾ ಇದೆ" ಅಂದರು ಡಾಕ್ಟರು. ಹಿಡಿದ ಕೈ ಮಾತ್ರ ಬಿಡಲಿಲ್ಲ.

ಕಾಫಿ ಕುಡಿಯುವಾಗ ತಿಳಿಯಿತು. ಹೋದ ವರ್ಷ ಎದೆನೋವು ಬಂದಾಗ ಇವರನ್ನು ಕಾರಿನಲ್ಲಿ ಹಾಕಿಕೊಂಡು ಮೈಸೂರಿಗೆ ಓಡಿದವರು ಬೈಲಕುಪ್ಪೆಯ ಒಬ್ಬ ಟಿಬೆಟನ್ ಗೆಳೆಯರು. ವರ್ಷ ತುಂಬಿತು, ಅವರ ಮನೆಗೆ ಹೋಗಿ ಊಟ ಮಾಡಿ ಬರಬೇಕು ಅಂತ ಬೆಳಿಗ್ಗೆಯೇ ಹೊರಟಿದ್ದರು, ಆಕೆ ಒಂಟೋದ್ರು ಅಂದದ್ದು ಅಷ್ಟಕ್ಕೇ. ಸಂಜೆ ಬಸ್ಸಿಗೆ ವಾಪಸ್ಸು. "ನೀವು ಯಾವ ಕಡೆ ಒಂಟಿದ್ರಿ ಸಾರ್?" ಅಂತ ಕೇಳಿದರು. ಡಾಕ್ಟರು ನನ್ನ ಮುಖ ನೋಡಿ, "ನಿಮ್ಮನ್ನೇ ನೋಡಿಕೊಂಡು ಹೋಗೋಣ ಅಂತ" ಅಂದರು. ಅದು ನಿಜವೇ ಆಗಿತ್ತು.

ವಾಪಸ್ ಬಂದು ಕಂಪ್ಯೂಟರಿನಲ್ಲಿ ಸಾವನ್ನು ಅಳಿಸಿ, ಜೀವಂತ ಅಂತ ತಿದ್ದಿದೆವು. ಅಲ್ಲಿಗೆ ಮುಗಿಯಲಿಲ್ಲ. ಫಾರಂಗಳನ್ನು ತಾಳೆ ನೋಡುವ ದೂರದ ಕಚೇರಿಯವರಿಗೆ ನಮ್ಮೂರಿನ ಮಾತು ಎಲ್ಲಿ ಗೊತ್ತು. ಎರಡು ದಿನಕ್ಕೆ ಅವರಿಂದ ಖಡಕ್ ಪತ್ರ ಬಂತು: ರೋಗಿಯು ಸಾವಿನಿಂದ ಚೇತರಿಸಿಕೊಂಡದ್ದು ಯಾವಾಗ, ಇದಕ್ಕೆ ನೀಡಿದ ಚಿಕಿತ್ಸೆ ಏನು, ಕೂಡಲೇ ತಿಳಿಸಿ.

ಡಾಕ್ಟರು ಪೆನ್ನು ತೆಗೆದುಕೊಂಡು, ಮೊದಲನೆಯದಕ್ಕೆ "ಅದೇ ದಿನ ಸಂಜೆ" ಅಂತ ಬರೆದರು. ಎರಡನೆಯದಕ್ಕೆ ಕೊಂಚ ಯೋಚಿಸಿ ಬರೆದರು: "ಬೈಲಕುಪ್ಪೆಯಿಂದ ಬಸ್ಸು."