ಮಾವನ ಸವಾಲು, ಅತ್ತೆಯ ಎಮ್ಮೆ

ನಮ್ಮ ಮಾವನವರಿಗೆ ಯಾವ ದುಶ್ಚಟವೂ ಇರಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಸೇಂದಿ ಅಂಗಡಿಯ ದಿಕ್ಕಿಗೆ ತಲೆ ಹಾಕಿ ಮಲಗಿದವರೂ ಅಲ್ಲ. ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮ್ಮ ಅತ್ತೆ ಕೊರಗುತ್ತಿದ್ದರು! ಕುಡುಕನ ಹೆಂಡತಿಯ ಕೈಯಲ್ಲಿ ದುಡ್ಡು ಇರುವುದಿಲ್ಲ, ನಿಜ. ಆದರೆ ಮನೆಯಲ್ಲಿ ಕಾಲು ಚಾಚಿ ಮಲಗಲು ಜಾಗವಾದರೂ ಇರುತ್ತದಲ್ಲ? ಅತ್ತೆಗೆ ಎರಡೂ ಇರಲಿಲ್ಲ. ಏಕೆಂದರೆ ಮಾವನವರು ಹರಾಜಿಗೆ ಹೋಗುತ್ತಿದ್ದರು.

ಆಗ ನಿಜಾಮರ ಸಂಸ್ಥಾನ ಹಿಂದೂಸ್ತಾನದಲ್ಲಿ ವಿಲೀನವಾದ ಹೊಸತು. ಯಾದಗಿರಿಯ ಕಚೇರಿಗಳಲ್ಲಿ ಬೋರ್ಡು ಬದಲಾದವು, ಸಾಹೇಬರು ಬದಲಾದರು, ಹಳೆಯ ಗುಮಾಸ್ತರಲ್ಲಿ ಕೆಲವರ ನೌಕರಿ ಹೋಯಿತು. ಊರು ಬಿಟ್ಟು ಹೊರಟವರು ಮನೆಯ ಸಾಮಾನನ್ನು ಸ್ಟೇಶನ್ ರಸ್ತೆಯ ಬೇವಿನ ಮರದ ಕೆಳಗೆ ಹರಾಜಿಗೆ ಇಡುತ್ತಿದ್ದರು. "ಏಕ್ ಬಾರ್, ದೋ ಬಾರ್" ಎಂಬ ಕೂಗು ಕಿವಿಗೆ ಬಿದ್ದರೆ ಸಾಕು, ಮಾವನವರು ತಕ್ಕಡಿಯನ್ನು ಹಾಗೆಯೇ ತೂಗಾಡಲು ಬಿಟ್ಟು ತಮ್ಮ ಕಿರಾಣಿ ಅಂಗಡಿಯಿಂದ ಇಳಿದುಬಿಡುತ್ತಿದ್ದರು. ಗಿರಾಕಿಯ ಪೊಟ್ಟಣಕ್ಕೆ ಒಂದು ಚೂರು ಬೆಲ್ಲ ಹೆಚ್ಚಿಗೆ ಬಿದ್ದರೆ ತೆಗೆದು ಡಬ್ಬಿಗೆ ಹಾಕುವ ಮನುಷ್ಯ ಇವರೇ ಎಂದರೆ ಯಾರು ನಂಬುತ್ತಾರೆ?

ಮೊದಲು ಬಂದದ್ದು ಬಿಜಲಿ ಪಂಖಾ. ಮೂರು ರೆಕ್ಕೆಯ, ಮೇಲೆ ತೂಗುಹಾಕುವ ಭರ್ಜರಿ ಪಂಖಾ. ಆ ಓಣಿಯಲ್ಲಿ ಬಿಜಲಿ ಎಂದರೆ ಮಳೆಗಾಲದಲ್ಲಿ ಆಕಾಶದಲ್ಲಿ ಹೊಳೆಯುವಂಥದ್ದು, ಅಷ್ಟೇ.

"ಯಪ್ಪಾ, ಓಣ್ಯಾಗ ಕಂಬಾನ ಇಲ್ಲ, ಪಂಖಾ ಯಾಕ ತಂದಿ?" ಎಂದು ನನ್ನ ಹೆಂಡತಿ ಕೇಳಿದಳು.

"ಸ್ವರಾಜ್ಯಾನ ಬಂದದ, ಕಂಬ ಬರೂದಿಲ್ಲೇನು?"

ಪಂಖಾ ತೊಲೆಗೆ ನೇತಾಡಿತು. ಬಂದವರನ್ನೆಲ್ಲ ಮಾವನವರು ಅದರ ಕೆಳಗೇ ಕೂರಿಸಿ, ಕೈಗೊಂದು ಬೀಸಣಿಗೆ ಕೊಡುತ್ತಿದ್ದರು. ಅತ್ತೆ ಮಾತ್ರ ಅದರ ರೆಕ್ಕೆಗಳಿಗೆ ಬೆಳ್ಳುಳ್ಳಿ ಗೊಂಚಲು ಕಟ್ಟಿ ಒಂದಿಷ್ಟು ಪ್ರಯೋಜನ ಪಡೆದರು.

ಆಮೇಲೆ ಬಂದದ್ದು ಎರಡು ಗೋಣಿಚೀಲ ಪುಸ್ತಕ. ಉರ್ದು ಕಾಯ್ದೆ ಪುಸ್ತಕಗಳು! ಮಾವನವರಿಗೆ ಉರ್ದು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಬ್ಬಕ್ಕೆಂದು ಹೋಗಿದ್ದ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಮಾವನವರ, ಆ ಸರ್ಕಾರನ ಹೋಯ್ತು. ಇನ್ನ ಅದರ ಕಾಯ್ದೆ ತೊಗೊಂಡು ಏನ ಮಾಡ್ತೀರಿ?"

"ಅದಕ್ಕ ನೋಡ್ರಿ ಅಳಿಯಂದ್ರ, ಅಷ್ಟು ಸಸ್ತಾ ಸಿಕ್ಕಾವ!"

ಇದಕ್ಕೆ ಯಾವ ವಕೀಲ ತಾನೇ ಉತ್ತರ ಕೊಟ್ಟಾನು?

ಇತ್ತ ಅತ್ತೆಗೆ ಬೇಕಾಗಿದ್ದದ್ದು ಒಂದೇ ಒಂದು ಎಮ್ಮೆ. ಪಕ್ಕದ ಹಳ್ಳಿ ರಾಮಸಮುದ್ರದಲ್ಲಿ ಒಂದನ್ನು ನೋಡಿಯೂ ಇಟ್ಟಿದ್ದರು. ಮಜ್ಜಿಗೆಗೆಂದು ದಿನಾ ನೆರೆಮನೆಯ ಬಾಗಿಲಿಗೆ ಚರಿಗೆ ಹಿಡಿದು ಹೋಗುವುದು ಅವರಿಗೆ ಸಾವಿನಷ್ಟು ಕಷ್ಟದ ಮಾತಾಗಿತ್ತು. ಆದರೆ ಎಮ್ಮೆಗೆಂದು ಕೂಡಿಟ್ಟ ದುಡ್ಡು ಎಮ್ಮೆಯವರೆಗೆ ಹೋಗುತ್ತಲೇ ಇರಲಿಲ್ಲ. ಮಾವನವರ ಹತ್ತಿರ ಅದಕ್ಕೊಂದು ಅರ್ಥಶಾಸ್ತ್ರವಿತ್ತು. ಆಗ ನಮ್ಮಲ್ಲಿ ನಿಜಾಮರ ಹಾಲಿ ರೂಪಾಯಿ, ಹಿಂದೂಸ್ತಾನದ ಕಲ್ದಾರ ರೂಪಾಯಿ ಎರಡೂ ನಡೆಯುತ್ತಿದ್ದವು. ಹಾಲಿ ಇವತ್ತೋ ನಾಳೆಯೋ ಬಂದ್ ಆಗುತ್ತದೆಂದು ಸುದ್ದಿ.

"ಬಂದ್ ಆಗೋ ರೊಕ್ಕ ಮನ್ಯಾಗ ಇಟಗೊಂಡು ಕೂಡೂದು ಶಾಣ್ಯಾತನೇನು? ಖರ್ಚ ಮಾಡೂದೇ ಉಳಿತಾಯ!" ಎನ್ನುತ್ತಿದ್ದರು.

"ಎಮ್ಮಿ ಮಾರಾವನೂ ಹಾಲಿ ತೊಗೊಂತಾನ" ಎಂದು ಅಡುಗೆಮನೆಯ ಗೋಡೆ ನುಡಿಯುತ್ತಿತ್ತು. ಅಳಿಯನ ಎದುರಿಗೆ ಬಂದು ಮಾತಾಡುವ ಪದ್ಧತಿ ಇರಲಿಲ್ಲವಾದ್ದರಿಂದ ಅತ್ತೆ ಏನಿದ್ದರೂ ಗೋಡೆಯ ಹಿಂದಿನಿಂದಲೇ ಹೇಳುವರು.

ಒಮ್ಮೆ ಮಾವನವರಿಗೂ ಕರುಣೆ ಬಂತು. ಎಮ್ಮೆಯ ದುಡ್ಡು ಹಿಡಿದು ರಾಮಸಮುದ್ರಕ್ಕೆಂದೇ ಹೊರಟರು. ಅತ್ತೆ ಅರಿಷಿಣ ಕುಂಕುಮ ತಟ್ಟೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ಕಾದರು. ಸಂಜೆ ಗಾಡಿ ಬಂತು. ಗಾಡಿಯಲ್ಲಿ ಯಾವುದೋ ದೊಡ್ಡ ಸಾಹೇಬರ ಬಂಗಲೆಯ ಸ್ನಾನದ ತೊಟ್ಟಿ! ಬಿಳಿ ಬಣ್ಣದ್ದು, ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದಾದಂಥದ್ದು.

"ಎಮ್ಮಿ ಎಲ್ಲಿ?"

"ತಡಿ ಮಾರಾಯ್ತಿ. ಎಮ್ಮಿ ಬಂದ ಮ್ಯಾಲ ಅದಕ್ಕ ನೀರ ಕುಡ್ಯಾಕ ಒಂದು ತೊಟ್ಟಿ ಬೇಕಲ್ಲ?"

ಆ ದಿನ ಅತ್ತೆ ಕೊನೆಯ ಮಾತು ಹೇಳಿದರು. ಸುಗ್ಗಿ ಮುಗಿಯುವುದರೊಳಗೆ ಮನೆಗೆ ಎಮ್ಮೆ ಬರಬೇಕು. ಬರದಿದ್ದರೆ ಸುರಪುರದ ತವರುಮನೆಗೆ ಹೋಗಿ ಅಣ್ಣನ ಹತ್ತಿರವೇ ಇದ್ದುಬಿಡುತ್ತೇನೆ ಎಂದರು. ಸುಮ್ಮನೆ ಹೆದರಿಸುವ ಹೆಂಗಸಲ್ಲ ಅವರು. ಅಣ್ಣನಿಂದ ಎಮ್ಮೆಗಾಗಿ ಮತ್ತೆ ದುಡ್ಡು ತಂದು, ಈ ಸಲ ಗಂಡನ ಕೈಗೆ ಸಿಗದ ಹಾಗೆ ಸೊಂಟದ ಎಲೆಅಡಿಕೆ ಸಂಚಿಯಲ್ಲಿಯೇ ಕಟ್ಟಿಕೊಂಡರು. ನನ್ನ ಹೆಂಡತಿ ತವರಿನಿಂದ ನಮ್ಮೂರು ಶಹಾಪುರಕ್ಕೆ ಬಂದವಳು ಎರಡು ದಿನ ಅತ್ತಳು. "ನೀವು ಮಾಸ್ತರ ಅದೀರಿ. ಊರ ಮಕ್ಕಳಿಗಿ ಬುದ್ಧಿ ಹೇಳ್ತೀರಿ. ನಮ್ಮಪ್ಪಗೊಂದಿಷ್ಟು ಹೇಳ್ರಿ!"

ಮಾವನಿಗೆ ಬುದ್ಧಿ ಹೇಳುವ ಅಳಿಯ ಇನ್ನೂ ಹುಟ್ಟಿಲ್ಲ. ಆದರೆ ಈ ಚಿಂತೆಯಲ್ಲಿ ನನಗೊಂದು ಘನವಾದ ವಿಚಾರ ಹೊಳೆಯಿತು. ನಮ್ಮ ಶಾಲೆಗಳಲ್ಲಿ ಹುಲಿಗೆ ಎಷ್ಟು ಹಲ್ಲು, ಯಾವ ಬಾದಶಹ ಯಾರ ಮಗ ಎಂದೆಲ್ಲ ಕಲಿಸುತ್ತೇವೆ. ಅಂಗಡಿಗೆ ಹೋದಾಗ ಏನು ಕೊಳ್ಳಬಾರದು ಎಂದು ಮಾತ್ರ ಕಲಿಸುವುದಿಲ್ಲ! ಚಿಕ್ಕಂದಿನಲ್ಲಿ ಯಾವನಾದರೂ ಮಾಸ್ತರ ಮಾವನವರಿಗೆ ಇದನ್ನು ಕಲಿಸಿದ್ದರೆ ಇವತ್ತು ಆ ತೊಟ್ಟಿಯ ಜಾಗದಲ್ಲಿ ಎಮ್ಮೆ ನಿಂತಿರುತ್ತಿರಲಿಲ್ಲವೇ? ನೇರವಾಗಿ ಹೆಡ್ ಮಾಸ್ತರರ ಹತ್ತಿರ ಹೋಗಿ, ಶಾಲೆಯಲ್ಲಿ ಖರ್ಚಿನ ಪಾಠ ಶುರು ಮಾಡೋಣ ಎಂದೆ.

"ಹುಡುಗರ ಕಿಸೆದಾಗ ಒಂದು ದುಡ್ಡಿಲ್ಲ. ಖರ್ಚಿನ ಪಾಠ ಯಾರಿಗ್ರಿ ಮಾಸ್ತರ?" ಎಂದರು ಅವರು.

"ಬಾವಿಗಿ ಬಿದ್ದ ಮ್ಯಾಲ ಈಜು ಕಲಸಾಕ ಆಗ್ತದೇನ್ರಿ?" ಎಂದೆ. ಅವರು ಒಪ್ಪಿದರು. ಒಪ್ಪಿದರು ಎನ್ನುವುದಕ್ಕಿಂತ, ಅವರಿಗೆ ಊಟದ ಹೊತ್ತಾಗಿತ್ತು.

ಪಾಠದ ಸುದ್ದಿ ಯಾದಗಿರಿಗೆ ಮುಟ್ಟಿತು. ಮಾವನವರಿಗೆ ಸಿಟ್ಟು ಬರಬಹುದೆಂದು ನಾನು ಹೆದರಿದ್ದೆ. ಬಂದದ್ದು ಸಿಟ್ಟಲ್ಲ, ಎತ್ತಿನ ಗಾಡಿ! ಗಾಡಿಯ ತುಂಬ ಸಾಮಾನು, ಸಾಮಾನಿನ ಮೇಲೆ ಮಾವನವರು, ಹಿಂದೆ ಮುಖ ಗಂಟು ಹಾಕಿಕೊಂಡು ಅತ್ತೆ.

"ಮಕ್ಕಳಿಗಿ ಕೆಟ್ಟ ಉದಾಹರಣಿ ಬೇಕಂತಲ್ರಿ ಅಳಿಯಂದ್ರ? ಬ್ಯಾರೆದಾವರನ್ನ ಯಾಕ ಹುಡುಕ್ತೀರಿ, ಮನ್ಯಾಗ ನಾ ಇಲ್ಲೇನು?"

ಇಷ್ಟು ಹುಮ್ಮಸ್ಸಿನಿಂದ ಮರ್ಯಾದೆ ಕಳೆದುಕೊಳ್ಳಲು ಬಂದವರನ್ನು ನಾನು ಮತ್ತೆ ಕಂಡಿಲ್ಲ. ಅತ್ತೆ ಬಂದದ್ದು ಗಂಡನ ಮುಖಭಂಗ ಕಣ್ಣಾರೆ ನೋಡಲಿಕ್ಕೆ. ಮಗಳ ಜೊತೆ ಶಾಲೆಯ ಪಡಸಾಲೆಯಲ್ಲಿ, ಕಿಟಕಿಗೆ ಒರಗಿ ಕುಳಿತರು. ನಾನು ಹಲಗೆಯ ಮೇಲೆ ಒಂದು ಕಡೆ 'ಬೇಕು', ಇನ್ನೊಂದು ಕಡೆ 'ಬೇಡ' ಎಂದು ಬರೆದು ಪಾಠ ಶುರು ಮಾಡಿದೆ. ಮಾವನವರು ಒಂದೊಂದೇ ಸಾಮಾನು ಎತ್ತಿ ತೋರಿಸುವರು, ಮಕ್ಕಳು ಕೂಗುವರು. ಪಂಖಾ? ಬೇಡ! ಕಾಯ್ದೆ ಪುಸ್ತಕ? ಬೇಡ! ತೊಟ್ಟಿಗೆ ಮಾತ್ರ ಮಕ್ಕಳೆಲ್ಲ ಒಕ್ಕೊರಲಿನಿಂದ ಬೇಕು ಎಂದರು. ಇಬ್ಬರು ಆಗಲೇ ಅದರಲ್ಲಿ ಕುಳಿತಿದ್ದರು. ಮಾವನವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಕೊನೆಗೆ ಉಳಿದದ್ದು ಒಂದು ಹಿತ್ತಾಳೆಯ ಪಾನದಾನ, ಎಲೆಅಡಿಕೆಯ ಡಬ್ಬಿ. ಹಿಂದಿನ ವಾರವಷ್ಟೇ ಹರಾಜಿನಲ್ಲಿ ತಂದದ್ದು. ತಾವು ಎಲೆಯನ್ನೇ ಹಾಕದ ಮಾವನವರಿಗೆ ಪಾನದಾನ ಏಕೆ? ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಬಂದು ಮುಚ್ಚಳ ತೆಗೆದಳು.

"ಅಜ್ಜಾ, ಇದರಾಗ ಇನ್ನೂ ಸುಣ್ಣ ಹಸಿ ಅದ. ಎಲಿನೂ ಅವ. ಯಾರದಿದು?"

ಮಾವನವರ ನಗು ನಿಂತಿತು. ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

"ಕಚೇರಿ ಗುಮಾಸ್ತರ ಹೆಂಡ್ತೀದು, ತಂಗಿ. ಅವರ ನೌಕರಿ ಹೋಗ್ಯದ. ಊರ ಬಿಡೋ ತಯಾರ್‍ಯಾಗ ಅದಾರ."

"ಭಾಳ ಸಸ್ತಾ ಇತ್ತೇನಜ್ಜಾ?"

"ಸಸ್ತಾ ಇತ್ತು. ನಾನ ಏರಿಸಿದೆ. ಯಾರೂ ಸವಾಲ್ ಕೂಗಲಿಲ್ಲ. ನಾ ಒಂದ್ ಸಾರಿ ಕೂಗಿದೆ, ಮತ್ತ ನನ್ನ ಸವಾಲಿನ ಮ್ಯಾಲ ನಾನ ಕೂಗಿದೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ತಾನು ಕೂಗಿದ ಬೆಲೆಯನ್ನು ತಾನೇ ಏರಿಸುವ ಮೂರ್ಖ! ಇದಕ್ಕಿಂತ ಒಳ್ಳೆಯ ಕೆಟ್ಟ ಉದಾಹರಣೆ ಎಲ್ಲಿ ಸಿಗಬೇಕು? ನಾನೂ ನಗುತ್ತ 'ಬೇಡ' ಎಂಬುದರ ಕೆಳಗೆ ಬರೆಯಲು ಸುಣ್ಣದಕಡ್ಡಿ ಎತ್ತಿದೆ. ಹುಡುಗಿ ಮಾತ್ರ ನಗಲಿಲ್ಲ.

"ಯಾಕ ಏರಿಸಿದಿ ಅಜ್ಜಾ?"

"ಏನ ಮಾಡ್ಲಿ? ಅದಕ್ಕೂ ಮೊದಲ ಆಕಿ ಮನಿಗಿ ಒಂದು ಚೀಲ ಜೋಳ ಕಳಿಸಿದ್ದೆ. 'ಭಾಯಿಸಾಬ್‌ಗೆ ಸಲಾಂ ಹೇಳ್ರಿ, ನಮ್ಮ ಮನ್ಯಾಗ ಅದ' ಅಂತ ಹೊಳ್ಳಿ ಕಳಿಸಿದ್ಲು. ಒಲಿ ಹೊತ್ತಿದ್ದಿಲ್ಲ ತಂಗಿ, ನನಗ ಗೊತ್ತಿತ್ತು. ಕೊಟ್ರ ತೊಗೊಳ್ಳೋ ಕೈ ಅಲ್ಲ ಅದು. ಮಾರಿದ್ರ ತೊಗೊಂತದ. ಹರಾಜಿನಾಗ ಆಕಿ ಪರ್ದಾದ ಹಿಂದ ನಿಂತಿದ್ಲು. ಮೊದಲ ಕೂಗಿದ ರೊಕ್ಕದಾಗ ಅವರ ಟಿಕೆಟ್ ಖರ್ಚೂ ಹುಟ್ಟತಿದ್ದಿಲ್ಲ."

ಯಾರೂ ನಗಲಿಲ್ಲ. ತೊಟ್ಟಿಯಲ್ಲಿದ್ದ ಹುಡುಗರೂ ಎದ್ದು ನಿಂತರು. ಪಂಖಾ, ಪುಸ್ತಕ, ಈ ತೊಟ್ಟಿ ಎಲ್ಲವೂ ಯಾರೋ ಒಬ್ಬರು ಕೈ ಚಾಚದೆ ಊರು ಬಿಟ್ಟು ಹೋದದ್ದರ ಗುರುತು ಎಂದು ನನಗೆ ಆಗ ತಿಳಿಯಿತು. ಆ ಹುಡುಗಿ ತನ್ನ ಪಾಟಿ ಹಿಡಿದುಕೊಂಡು, "ಮಾಸ್ತರ್‍ರ, ಇದನ್ನ ಯಾವ ಕಡಿ ಬರೀಲಿ?" ಎಂದು ಕೇಳಿದಳು. ಖರ್ಚಿನ ಪಾಠ ತಂದ ಮಹಾ ಪಂಡಿತ ನಾನು, ಎತ್ತಿದ ಸುಣ್ಣದಕಡ್ಡಿಯನ್ನು ಕಿಸೆಗೆ ಹಾಕಿಕೊಂಡೆ.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಅಳಿಯನಿದ್ದಾನೆ, ಹೆಡ್ ಮಾಸ್ತರರಿದ್ದಾರೆ ಎಂಬುದನ್ನೂ ನೋಡದೆ ನೆಟ್ಟಗೆ ಗಂಡನ ಎದುರಿಗೆ ಬಂದು ನಿಂತರು. ಬೈಗುಳದ ಮಳೆ ಸುರಿಯುತ್ತದೆಂದು ಮಾವನವರು ತಲೆ ತಗ್ಗಿಸಿದರು.

"ಅವರು ಊರ ಬಿಟ್ರೇನು?"

"ಇನ್ನೂ ಇಲ್ಲ. ಬರೋ ಸಂತಿ ದಿನ ಉಳದ ಸಾಮಾನು ಹರಾಜಿಗಿ ಬರ್ತಾವ. ಆಮ್ಯಾಲ ಹೋಗ್ತಾರಂತ."

ಅತ್ತೆ ಎಮ್ಮೆಯ ದುಡ್ಡಿದ್ದ ಸೊಂಟದ ಸಂಚಿ ಬಿಚ್ಚಿದರು.

"ಹಂಗಾರ ನಾನೂ ಬರ್ತೀನಿ. ಪ್ರತಿ ಸಾರಿ ನೀವೊಬ್ರ ಏರಿಸ್ಕೋತ ಹೋದ್ರ ಆಕಿಗಿ ಗೊತ್ತಾಗ್ತದ. ಇಬ್ರೂ ಪೈಪೋಟಿ ಮ್ಯಾಲ ಕೂಗೂಣು."